ಅಜ್ಜಿಯ ಸೆರಗು, ಅಡ್ಡ ಅಲೆ, ನೆಟ್ಟ ಅಲೆ

ಹುಬ್ಬಳ್ಳಿ ವಿಮಾನ ನಿಲ್ದಾಣದ ತಪಾಸಣೆ ಸಾಲಿನಲ್ಲಿ ನನ್ನ ಮುಂದೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನಿಂತಿದ್ದರು. ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆ, ತಲೆಯ ಮೇಲೆ ಟೋಪ ತೆನಿಯ ಕೆಂಪು ಸೆರಗು, ಮುಂಗೈ ತುಂಬ ಹಸಿರು ಬಳೆ. ಬೆಂಗಳೂರಿನ ಮಗನ ಮನೆಗೆ ಹೊರಟಿದ್ದರು. ಲೋಹಪತ್ತೆಯ ಚೌಕಟ್ಟಿನೊಳಗೆ ಕಾಲಿಟ್ಟರೋ ಇಲ್ಲವೋ, ಕೀಂಯ್ ಅಂತು. ಭದ್ರತೆಯ ಹುಡುಗಿ ಅವರನ್ನು ಪರದೆಯ ಒಳಗೆ ಕರೆದೊಯ್ದಳು. ಹೊರಗಿದ್ದ ನಮಗೆ ಕೇಳಿದ್ದು ದನಿ ಮಾತ್ರ.

"ಅದು ಗುಳದಾಳಿ ಐತಿ ತಂಗಿ, ಬಿಚ್ಚಂಗಿಲ್ಲ."

ಮತ್ತೆ ಕೀಂಯ್.

"ಅದು ಮಣಕಾಲಾಗಿಂದು. ಡಾಕ್ಟರ್ ಒಳಗ ಹಾಕ್ಯಾರ. ಅದನ್ನ ಹೆಂಗ್ ತಗದು ತೋರಿಸ್ಲಿ?"

ಸಾಲಿನಲ್ಲಿದ್ದವರೆಲ್ಲ ನಕ್ಕೆವು. ನಗುತ್ತಲೇ ನನಗೆ ಒಂದು ವಿಚಾರ ಹೊಕ್ಕಿತು. ಆ ಹುಡುಗಿಯ ಕೈಯಲ್ಲಿನ ಲೋಹಪತ್ತೆಯ ಕೋಲಿಗೆ ಅಜ್ಜಿಯ ಮೈಮೇಲಿನ ಯಾವ ವಸ್ತು ಅಪಾಯದ್ದು, ಯಾವುದು ಸೌಭಾಗ್ಯದ್ದು, ಯಾವುದು ಮೂಳೆ ತಜ್ಞರದ್ದು ಎಂಬುದು ತಿಳಿಯುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ಒಂದೇ. ತನ್ನ ಸುರುಳಿಯಿಂದ ಹೊರಡುವ ಕಾಂತಕ್ಷೇತ್ರ ಲೋಹದಲ್ಲಿ ಪುಟ್ಟ ಸುಳಿವಿದ್ಯುತ್ತನ್ನು ಹುಟ್ಟಿಸಿದರೆ ಕೂಗುವುದು, ಇಲ್ಲವಾದರೆ ಸುಮ್ಮನಿರುವುದು. ಲೋಹವಲ್ಲದ ಯಾವುದಕ್ಕೂ ಅದು ಕುರುಡು.

ಆ ಕುರುಡುತನ ಜಗತ್ತಿಗೆ ಢಾಳಾಗಿ ಕಂಡದ್ದು 2009ರ ಡಿಸೆಂಬರ್ 25ರಂದು. ಆಮ್‌ಸ್ಟರ್‌ಡ್ಯಾಮ್‌ನಿಂದ ಡೆಟ್ರಾಯಿಟ್‌ಗೆ ಹೊರಟಿದ್ದ ನಾರ್ತ್‌ವೆಸ್ಟ್ ವಿಮಾನದಲ್ಲಿ ಒಬ್ಬ ಯುವಕ ಒಳಉಡುಪಿನಲ್ಲಿ ಪಿಇಟಿಎನ್ ಎಂಬ ಸ್ಫೋಟಕವನ್ನು ಇಟ್ಟುಕೊಂಡು ಕೂತಿದ್ದ. ಅದು ಸರಿಯಾಗಿ ಸಿಡಿಯಲಿಲ್ಲ, ಸಹಪ್ರಯಾಣಿಕರು ಅವನನ್ನು ಹಿಡಿದರು. ಲೋಹದ ಚೌಕಟ್ಟು ಎಷ್ಟು ಜೋರಾಗಿ ಕೂಗುವಂಥದ್ದಾಗಿದ್ದರೂ ಅಲ್ಲಿ ಉಪಯೋಗವಿರಲಿಲ್ಲ. ಮೈಯನ್ನೇ ಚಿತ್ರ ತೆಗೆದು ನೋಡುವ ಯಂತ್ರಗಳು ವಿಮಾನ ನಿಲ್ದಾಣಗಳಿಗೆ ದಾಪುಗಾಲು ಹಾಕಿ ಬಂದದ್ದು ಆ ಘಟನೆಯ ನಂತರ.

ನಮ್ಮೂರಿನ ಲೆಕ್ಕ ಬೇರೆ, ಅದನ್ನೂ ಇಲ್ಲೇ ಹೇಳಿಬಿಡಬೇಕು. 2008ರ ಮೇ 10ರಂದು ಹುಬ್ಬಳ್ಳಿಯ ನ್ಯಾಯಾಲಯದ ಕಟ್ಟಡದಲ್ಲಿ ಸ್ಫೋಟವಾಯಿತು. 2019ರ ಅಕ್ಟೋಬರ್ 21ರಂದು ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ, ರೈಲಿನಲ್ಲಿ ಸಿಕ್ಕ ಪೆಟ್ಟಿಗೆಯೊಂದು ಸಿಡಿದು ಒಬ್ಬರು ಗಾಯಗೊಂಡರು. ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ 2024ರ ಮಾರ್ಚ್ 1ರಂದು ಸಿಡಿದದ್ದೂ ಬಿಟ್ಟುಹೋದ ಚೀಲ. ಪೆಟ್ಟಿಗೆ, ಚೀಲ ಇತ್ಯಾದಿ ಬಿಟ್ಟುಹೋದ ಸರಕನ್ನು ಮೈ ನೋಡುವ ಯಂತ್ರ ನೋಡುವುದಿಲ್ಲ. ಹಾಗಾಗಿ ಈ ತಂತ್ರಜ್ಞಾನ ಬಂದರೆ ಎಲ್ಲ ಅಪಾಯಕ್ಕೂ ಬೀಗ ಬಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ವಿಮಾನ ಹತ್ತುವವರ ಮೈಮೇಲೆ ಇರುವುದನ್ನು ನೋಡಲು ಹುಟ್ಟಿದ್ದು, ಅಷ್ಟೇ.

ಆದರೆ ಅಷ್ಟರಲ್ಲೇ ಎಂಥ ಸೊಗಸಾದ ವಿಜ್ಞಾನ ಅಡಗಿದೆ ನೋಡಿ.

ಇಂದಿನ ಇಂಥ ಯಂತ್ರಗಳು ಬಳಸುವ ಮಿಲಿಮೀಟರ್ ತರಂಗ ಎಂದರೆ ಹೆಸರೇ ಹೇಳುವಂತೆ ಒಂದರಿಂದ ಹತ್ತು ಮಿಲಿಮೀಟರ್ ಉದ್ದದ ರೇಡಿಯೊ ಅಲೆ. ಎಫ್‌ಎಂ ಆಕಾಶವಾಣಿಯ ಅಲೆ ಮೂರು ಮೀಟರ್, ನಮ್ಮ ಮನೆಯ ವೈಫೈಯದ್ದು ಹನ್ನೆರಡು ಸೆಂಟಿಮೀಟರ್ ಆಸುಪಾಸು. ಅವನ್ನೆಲ್ಲ ಕಿರಿದು ಮಾಡುತ್ತ ಹೋದರೆ 30 ಗಿಗಾಹರ್ಟ್ಸ್ ಕಂಪನಾಂಕದಲ್ಲಿ ಅಲೆ ಒಂದು ಸೆಂಟಿಮೀಟರಿಗೆ, 75ರಲ್ಲಿ ನಾಲ್ಕು ಮಿಲಿಮೀಟರಿಗೆ, ಅಂದರೆ ಕಡಲೆಬೇಳೆಯ ಗಾತ್ರಕ್ಕೆ ಬರುತ್ತದೆ. ಒಣಗಿದ ಹತ್ತಿ, ರೇಷ್ಮೆ, ಉಣ್ಣೆ ಬಟ್ಟೆ ಇದರ ಪಾಲಿಗೆ ಕಿಟಕಿಯ ಗಾಜಿದ್ದಂತೆ, ತೂರಿಕೊಂಡು ಹೋಗುತ್ತದೆ. ಚರ್ಮದ ಹತ್ತಿರ ಮಾತ್ರ ಆಟ ನಿಲ್ಲುತ್ತದೆ. ಚರ್ಮದಲ್ಲಿರುವ ನೀರು ಈ ಅಲೆಯನ್ನು ಒಂದು ಮಿಲಿಮೀಟರಿನಷ್ಟೂ ಒಳಗೆ ಬಿಟ್ಟುಕೊಳ್ಳದೆ, ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಹಿಂದಕ್ಕೆ ಅಟ್ಟುತ್ತದೆ. ಅಜ್ಜಿಯ ಮಣಕಾಲೊಳಗಿನ ಲೋಹ ಈ ಯಂತ್ರಕ್ಕೆ ಕಾಣುವುದೇ ಇಲ್ಲ. ಇದು ಎಕ್ಸ್‌ರೇ ಅಲ್ಲ, ಅಣುವಿನಿಂದ ಎಲೆಕ್ಟ್ರಾನನ್ನು ಕೀಳುವ ಶಕ್ತಿ ಇದಕ್ಕಿಲ್ಲ. ಹೊರಸೂಸುವ ಪ್ರಮಾಣವೂ ಕಿವಿಗೆ ಹಿಡಿದ ಮೊಬೈಲಿಗಿಂತ ಬಹಳ ಕಡಿಮೆ.

ಈ ಅಲೆಗಳನ್ನು ಮೊದಲು ಹುಟ್ಟಿಸಿ, ಪಳಗಿಸಿ ತೋರಿಸಿದವರು ನಮ್ಮವರೇ, ಕಲ್ಕತ್ತೆಯ ಜಗದೀಶಚಂದ್ರ ಬೋಸರು. 1890ರ ದಶಕದಲ್ಲಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡುತ್ತ, ಸ್ಥಳೀಯ ಕುಶಲಕರ್ಮಿಗಳ ಕೈಯಲ್ಲಿ ಉಪಕರಣ ಮಾಡಿಸಿಕೊಂಡು ಅವರು ಐದು ಮಿಲಿಮೀಟರ್‌ವರೆಗಿನ ಅಲೆಗಳ ಜೊತೆ ಪ್ರಯೋಗ ನಡೆಸಿದರು. 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಗೋಡೆಯಾಚೆಗೆ ಅಲೆ ಕಳಿಸಿ ಗಂಟೆ ಬಾರಿಸಿದರು, ಮದ್ದಿಗೆ ಕಿಡಿ ತಾಗಿಸಿದರು. ಅಂದು ಮದ್ದು ಸಿಡಿಸಿ ಚಪ್ಪಾಳೆ ಗಿಟ್ಟಿಸಿದ ವಿದ್ಯೆಯೇ ಇಂದು ಮದ್ದನ್ನು ಹುಡುಕುವ ಕೆಲಸಕ್ಕೆ ಹೊರಟಿದೆ. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರು ಉಪನ್ಯಾಸ ಕೊಟ್ಟರು. ಜಗತ್ತು ಮೆಚ್ಚಿತು, ಮತ್ತೆ ದೂರ ಹೋಗುವ ಉದ್ದ ಅಲೆಗಳ ಬೆನ್ನುಹತ್ತಿ ಈ ಪುಟ್ಟ ಅಲೆಗಳನ್ನು ಅರ್ಧ ಶತಮಾನ ಮೂಲೆಗಿಟ್ಟಿತು. ಬೋಸರ ಒಂದು ಪುಸ್ತಕದ ಕಥೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಇಂದಿನ ತಪಾಸಣಾ ಯಂತ್ರದ ಬೇರು ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದೆ. ಡೇವಿಡ್ ಶೀನ್, ಡಗ್ಲಸ್ ಮೆಕ್‌ಮೇಕಿನ್, ಥಾಮಸ್ ಹಾಲ್ ಎಂಬ ಮೂವರು ಮೂರು ಆಯಾಮದ ಮಿಲಿಮೀಟರ್ ತರಂಗ ಚಿತ್ರದ ಬಗ್ಗೆ 2001ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈ ಕ್ಷೇತ್ರಕ್ಕೆ ಕಾಲಿಡುವ ಪ್ರತಿ ವಿದ್ಯಾರ್ಥಿಯೂ ಓದುತ್ತಾನೆ. ಕೈ ಮೇಲೆತ್ತಿ ನಿಂತವರ ಸುತ್ತ ಕಂಬ ತಿರುಗುವ ಗಾಜಿನ ಗೂಡು ನೀವು ವಿದೇಶದ ನಿಲ್ದಾಣಗಳಲ್ಲಿ ನೋಡಿರಬಹುದು. ಅದು ಅಲ್ಲಿಂದ ಬೆಳೆದದ್ದು, 24ರಿಂದ 30 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ತಿರುಗುವ ಕಂಬವಿಲ್ಲದೆ ಚಪ್ಪಟೆ ಫಲಕಗಳಲ್ಲಿ ಸಾವಿರಾರು ಪುಟ್ಟ ಆಂಟೆನಾ ಜೋಡಿಸಿದ ಜರ್ಮನ್ ಯಂತ್ರಗಳು 70ರಿಂದ 80 ಗಿಗಾಹರ್ಟ್ಸ್ ಬಳಸುತ್ತವೆ. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ 2019ರ ಏಪ್ರಿಲ್‌ನಲ್ಲಿ 84 ಸೂಕ್ಷ್ಮ ವಿಮಾನ ನಿಲ್ದಾಣಗಳಿಗೆ ಇಂಥ ಯಂತ್ರ ಹಾಕಿಸಬೇಕೆಂದು ಸುತ್ತೋಲೆ ಹೊರಡಿಸಿತು. ಗಡುವು ಜಾರಿತು. ದೆಹಲಿಯಂಥ ದೊಡ್ಡ ನಿಲ್ದಾಣಗಳಲ್ಲಿ ಪರೀಕ್ಷೆಗಳು ನಡೆದವು. ಬಹುತೇಕ ಊರುಗಳಲ್ಲಿ ಇನ್ನೂ ಮರದ ಪೀಠ, ಎತ್ತಿದ ಕೈ, ಕೀಂಯ್ ಅನ್ನುವ ಕೋಲು. ಹುಬ್ಬಳ್ಳಿಯಲ್ಲಿ 2017ರ ಡಿಸೆಂಬರ್‌ನಲ್ಲಿ ಒಂದು ಹೊಸ ಟರ್ಮಿನಲ್ ಬಂತು. ಅದೂ ಸಾಲದೆಂದು ಇನ್ನೊಂದಕ್ಕೆ 2024ರ ಮಾರ್ಚ್ 10ರಂದು ಶಂಕುಸ್ಥಾಪನೆಯಾಯಿತು. ಇವತ್ತಲ್ಲ ನಾಳೆ ಆ ಫಲಕಗಳ ಮುಂದೆ ನಮ್ಮ ಅಜ್ಜಿಯಂದಿರೂ ನಿಲ್ಲುವವರೇ.

ನಿಂತಾಗ ಯಂತ್ರಕ್ಕೆ ಏನು ಕಾಣುತ್ತದೆ?

ಚಾಕು ಕತ್ತರಿಯಂಥ ಲೋಹವಾದರೆ ಬಂದ ಅಲೆಯನ್ನೆಲ್ಲ ಮರಳಿಸುತ್ತದೆ, ಥಳಥಳ ಹೊಳೆಯುತ್ತದೆ. ಕಷ್ಟ ಇರುವುದು ಪ್ಲಾಸ್ಟಿಕ್, ಮೇಣ, ಸ್ಫೋಟಕ ಇವುಗಳದ್ದು. ಇವು ಅಲೆಯ ನೂರರಲ್ಲಿ ಏಳು ಪಾಲನ್ನೋ ಎಂಟು ಪಾಲನ್ನೋ ಮಾತ್ರ ಎದುರು ಮೈಯಿಂದ ಹಿಂದಿರುಗಿಸುತ್ತವೆ. ಉಳಿದದ್ದು ಒಳಹೊಕ್ಕು, ಹಿಂದಿನ ಚರ್ಮಕ್ಕೆ ಬಡಿದು ಮರಳುತ್ತದೆ. ಆದರೆ ಆ ವಸ್ತುವಿನೊಳಗೆ ಅಲೆಯ ನಡಿಗೆ ನಿಧಾನ. ತಡವಾಗಿ ಬಂದ ಅಲೆಯನ್ನು ಯಂತ್ರ ದೂರದಿಂದ ಬಂದದ್ದು ಎಂದು ಎಣಿಸುತ್ತದೆ. ಹೀಗಾಗಿ ಎರಡು ಸೆಂಟಿಮೀಟರ್ ದಪ್ಪದ ಸಾಬೂನಿನಂಥ ಬಿಲ್ಲೆ ಹೊಟ್ಟೆಯ ಮೇಲಿದ್ದರೆ, ಅದರ ಹಿಂದಿನ ಹೊಟ್ಟೆ ಒಂದೂವರೆ ಸೆಂಟಿಮೀಟರಿನಷ್ಟು ತಗ್ಗಿದಂತೆ ಕಾಣುತ್ತದೆ! ಮೇಲೆ ಉಬ್ಬಿರುವುದು ಚಿತ್ರದಲ್ಲಿ ಕುಳಿಯಾಗುತ್ತದೆ. ಈ ಕುಳಿ, ಸುತ್ತಲಿನ ಮಸುಕು ಅಂಚು, ಇಷ್ಟೇ ಸುಳಿವು. ಮೈಯಲ್ಲಿ ಸಹಜವಾಗಿಯೇ ಎಷ್ಟು ಕುಳಿ, ಎಷ್ಟು ಅಂಚು ಇಲ್ಲ ಹೇಳಿ.

ಸಾಲದ್ದಕ್ಕೆ ಇನ್ನೊಂದು ಕಾಟ. ನಯವಾದ ಮೈಭಾಗ ಈ ಅಲೆಗೆ ಕನ್ನಡಿಯಂತೆ ವರ್ತಿಸುತ್ತದೆ. ಯಂತ್ರಕ್ಕೆ ಮುಖ ಮಾಡಿದ ಎದೆ ಹೊಳೆಯುತ್ತದೆ, ಓರೆಯಾದ ಪಕ್ಕೆ ಕತ್ತಲೆಗೆ ಹೋಗುತ್ತದೆ. ಹತ್ತಿರ ಹತ್ತಿರದ ಬಿಂದುಗಳಿಂದ ಮರಳಿದ ಅಲೆಗಳು ಒಂದನ್ನೊಂದು ಕೂಡಿ ಕಳೆದು ಚಿತ್ರವನ್ನು ರವೆ ಚೆಲ್ಲಿದಂತೆ ಕಾಳುಕಾಳು ಮಾಡುತ್ತವೆ. ಒಂದೇ ಚಿತ್ರವನ್ನು ಇಟ್ಟುಕೊಂಡು ಹುಡುಕುವುದು ಹಾಗಾಗಿ ಅಪಾಯದ ಕೆಲಸ. ತೀಕ್ಷ್ಣವಾಗಿ ನೋಡಹೊರಟರೆ ಸೀರೆಯ ನಿರಿಗೆಯೂ ಕಳ್ಳನಂತೆ ಕಾಣುತ್ತದೆ, ಸಡಿಲ ಬಿಟ್ಟರೆ ಕಳ್ಳನೂ ನಿರಿಗೆಯಂತೆ ದಾಟಿಹೋಗುತ್ತಾನೆ.

ಇಲ್ಲಿಗೆ ಬರುತ್ತದೆ ಧ್ರುವೀಕರಣ. ಈ ಶಬ್ದ ಕೇಳಿದ ಕೂಡಲೇ ನಮಗೆ ಚುನಾವಣೆ ನೆನಪಾಗುವುದು ಕಾಲದ ಮಹಿಮೆ. ಭೌತಶಾಸ್ತ್ರದಲ್ಲಿ ಅದು ಬಲು ಸಾಧು ಪದ. ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಮೇಲೆ ಕೆಳಗೆ ಝಾಡಿಸಿ, ನೆಟ್ಟ ಅಲೆ ಓಡುತ್ತದೆ. ಎಡಕ್ಕೆ ಬಲಕ್ಕೆ ಝಾಡಿಸಿ, ಅಡ್ಡ ಅಲೆ. ಕೈಯನ್ನು ಗುಂಡಗೆ ತಿರುಗಿಸಿದರೆ ಸುತ್ತುವ ಅಲೆ, ಎಡಸುತ್ತು ಇಲ್ಲವೇ ಬಲಸುತ್ತು. ರೇಡಿಯೊ ಅಲೆಯಲ್ಲಿ ಝಾಡಿಸುವುದು ಹಗ್ಗವಲ್ಲ, ವಿದ್ಯುತ್ ಕ್ಷೇತ್ರ. ಶಾಲೆಯಲ್ಲಿ ನಮಗೆ ಕಿಟಕಿಯ ಸರಳುಗಳ ನಡುವೆ ಹಗ್ಗ ಹಾಯಿಸಿ ಇದನ್ನು ವಿವರಿಸುತ್ತಿದ್ದರು. ನೆಟ್ಟ ಸರಳಿನ ನಡುವೆ ನೆಟ್ಟ ಅಲೆ ಹಾಯುತ್ತದೆ, ಅಡ್ಡ ಅಲೆ ಸಿಕ್ಕಿಕೊಳ್ಳುತ್ತದೆ ಎಂದು. ಹಗ್ಗಕ್ಕೆ ಸರಿ, ಲೋಹದ ತಂತಿಗೆ ಇದು ತಲೆಕೆಳಗು. ತಂತಿಯ ಗುಂಟ ವಿದ್ಯುತ್ ಕ್ಷೇತ್ರ ಆಡಿದರೆ ತಂತಿಯೊಳಗಿನ ಎಲೆಕ್ಟ್ರಾನುಗಳು ಓಡಾಡಿ ಅಲೆಯನ್ನು ಹಿಂದಕ್ಕೆ ಎಸೆಯುತ್ತವೆ. ಅಂದರೆ ನೆಟ್ಟ ತಂತಿಗಳ ಸಾಲು ನೆಟ್ಟ ಅಲೆಯನ್ನು ತಡೆಯುತ್ತದೆ, ಅಡ್ಡ ಅಲೆಯನ್ನು ಬಿಡುತ್ತದೆ. ಪರೀಕ್ಷೆಯಲ್ಲಿ ಇದನ್ನು ತಪ್ಪು ಬರೆದವರಲ್ಲಿ ನಾನೂ ಒಬ್ಬ.

ಬೋಸರ ಪುಸ್ತಕದ ಕಥೆ ಇದೇ. ತಮ್ಮ ಅಲೆಗಳನ್ನು ಒಂದು ದಿಕ್ಕಿಗೆ ಸೋಸಲು ಅವರಿಗೆ ಪುಟಪುಟ ಪದರವಾಗಿರುವ ವಸ್ತು ಬೇಕಿತ್ತು. ಕೈಗೆ ಸಿಕ್ಕಿದ್ದು ಬ್ರಾಡ್‌ಶಾ ರೈಲ್ವೆ ವೇಳಾಪಟ್ಟಿ. ಅದನ್ನು ಅಲೆಯ ದಾರಿಗೆ ಹಿಡಿದರೆ ಹಾಳೆಗಳ ಗುಂಟದ ಅಲೆ ಒಂದು ಬಗೆ, ಹಾಳೆಗೆ ಅಡ್ಡವಾದ ಅಲೆ ಇನ್ನೊಂದು ಬಗೆ. ಹಾಳೆಗಳ ನಡುವೆ ತವರದ ತಗಡು ಸೇರಿಸಿದಾಗ ಸೋಸುವಿಕೆ ಇನ್ನೂ ಚೊಕ್ಕವಾಯಿತು. ಜಗತ್ತಿನಲ್ಲೇ ಉದ್ದ, 1507 ಮೀಟರ್ ಪ್ಲಾಟ್‌ಫಾರ್ಮ್ ಇರುವ ಹುಬ್ಬಳ್ಳಿಯ ಜನ ನಾವು, ರೈಲಿನ ವೇಳಾಪಟ್ಟಿಗೆ ಇಂಥ ಉಪಯೋಗವೂ ಇತ್ತೆಂದು ತಿಳಿದುಕೊಂಡಿರಬೇಕು. ಇನ್ನೊಂದು ಪ್ರಯೋಗದಲ್ಲಿ ಅವರು ಸೆಣಬಿನ ನಾರನ್ನು ಹುರಿ ಮಾಡಿ ಅಲೆಯ ಮುಂದಿಟ್ಟರು. ಹುರಿ ತಿರುಗಿದ ಕಡೆಗೆ ಅಲೆಯ ಕಂಪನದ ದಿಕ್ಕೂ ತಿರುಗಿತು. ಬಲಹುರಿ ಒಂದು ಕಡೆಗೆ, ಎಡಹುರಿ ಇನ್ನೊಂದು ಕಡೆಗೆ. ನಮ್ಮ ಕಡೆಯ ಪುಂಡಿನಾರಿನ ಹಗ್ಗದಲ್ಲೂ ಇದನ್ನು ಯಾರಾದರೂ ಮಾಡಿ ನೋಡಬೇಕು. ಪುಂಡಿಪಲ್ಯ ಉಂಡು ಸುಮ್ಮನಾಗುವುದಕ್ಕಿಂತ ಅದು ವಾಸಿ.

ವಸ್ತು ಬೇರೆಯಾದರೆ ಅದು ಅಲೆಯ ದಿಕ್ಕಿಗೆ ತೋರುವ ಒಲವೂ ಬೇರೆ, ಇದೇ ಇಲ್ಲಿನ ಮೂಲ ಸಂಗತಿ. ಸೊಂಟದಲ್ಲಿ ನೆಟ್ಟಗೆ ಸಿಕ್ಕಿಸಿದ ಸಣ್ಣ ಬ್ಲೇಡಿನ ಅಂಚು ನೆಟ್ಟ ಅಲೆಯಲ್ಲಿ ಎದ್ದು ಕಾಣುತ್ತದೆ, ಅಡ್ಡ ಅಲೆಯಲ್ಲಿ ಮಂಕಾಗುತ್ತದೆ. ಓರೆಯಾಗಿ ಇಟ್ಟದ್ದು, ಅಡ್ಡ ಅಲೆಯನ್ನು ಕಳಿಸಿದರೆ ಅದರಲ್ಲಿ ಒಂದಿಷ್ಟನ್ನು ನೆಟ್ಟ ಮಾಡಿ ವಾಪಸು ಕೊಡುತ್ತದೆ. ನಯವಾದ ಮೈ ಈ ಹೊರಳಿಸುವ ಕೆಲಸ ಮಾಡುವುದು ತೀರ ಕಡಿಮೆ. ಹೀಗಾಗಿ ಅಡ್ಡ ಕಳಿಸಿ ನೆಟ್ಟ ಕೇಳಿದ ಚಿತ್ರದಲ್ಲಿ ಮೈ ಹೆಚ್ಚುಕಡಿಮೆ ಮಾಯವಾಗಿ, ಪರಕೀಯ ವಸ್ತುವಿನ ಅಂಚುಗಳಷ್ಟೇ ತೇಲುತ್ತವೆ.

ಸುತ್ತುವ ಅಲೆಯದು ಇನ್ನೂ ಚಂದ. ಕನ್ನಡಿಯಲ್ಲಿ ನಿಮ್ಮ ಬಲಗೈ ಎಡಗೈ ಆಗುವಂತೆ, ಒಂದು ಸಲ ಬಡಿದು ಮರಳಿದ ಬಲಸುತ್ತಿನ ಅಲೆ ಎಡಸುತ್ತಾಗುತ್ತದೆ. ಎರಡು ಸಲ ಬಡಿದರೆ ಮತ್ತೆ ಬಲಸುತ್ತು. ಹೊಟ್ಟೆ, ಬೆನ್ನು, ತೊಡೆ ಒಂದೇ ಬಡಿತದ ಮೈಗಳು. ಮೂಲೆ ಇರುವ ವಸ್ತುವಿನಲ್ಲಿ ಅಲೆ ಒಂದು ಗೋಡೆಗೆ ಬಡಿದು, ಇನ್ನೊಂದಕ್ಕೆ ಹಾರಿ ಮರಳುತ್ತದೆ. ಪಿಸ್ತೂಲಿನ ಹಿಡಿಕೆ ಮತ್ತು ಕೊಳವೆ ಕೂಡುವ ಜಾಗ, ಪೆಟ್ಟಿಗೆಯ ಅಂಚು ಚರ್ಮಕ್ಕೆ ತಾಗುವ ಜಾಗ ಇಂಥವು. ಬಲಸುತ್ತು ಕಳಿಸಿ ಬಲಸುತ್ತನ್ನೇ ಕೇಳಿದರೆ ಆ ಮೂಲೆಗಳು ಹೊಳೆಯುತ್ತವೆ, ಹೊಟ್ಟೆ ಕಪ್ಪಾಗುತ್ತದೆ. ಇದೇ ಲೆಕ್ಕವನ್ನು ನಮ್ಮ ಇಸ್ರೊ ಆಕಾಶದಿಂದ ಮಾಡುತ್ತದೆ. 2012ರ ಏಪ್ರಿಲ್ 26ರಂದು ಹಾರಿದ ರಿಸ್ಯಾಟ್-1 ಉಪಗ್ರಹದ ರೇಡಾರ್ ಸುತ್ತುವ ಅಲೆಯನ್ನು ಭೂಮಿಗೆ ಕಳಿಸಿ, ಅಡ್ಡವನ್ನೂ ನೆಟ್ಟವನ್ನೂ ಬೇರೆ ಬೇರೆ ಕೇಳಿಸಿಕೊಳ್ಳುತ್ತಿತ್ತು. ನೀರು ನಿಂತ ಭತ್ತದ ಗದ್ದೆಯಲ್ಲಿ ಅಲೆ ನೀರಿಗೊಂದು, ಪೈರಿನ ದಂಟಿಗೊಂದು ಬಡಿತ ಕೊಡುತ್ತದೆ. ಬೋಳು ಹೊಲದಲ್ಲಿ ಒಂದೇ ಬಡಿತ. ಕಲಘಟಗಿಯ ಗದ್ದೆಯನ್ನೂ ನವಲಗುಂದದ ಎರೆ ಹೊಲವನ್ನೂ ಬೇರ್ಪಡಿಸುವ ವಿದ್ಯೆಯೇ ಹೊಟ್ಟೆಯನ್ನೂ ಪೆಟ್ಟಿಗೆಯನ್ನೂ ಬೇರ್ಪಡಿಸುತ್ತದೆ.

ಹೀಗೆ ಒಬ್ಬರ ಮೈಯ ಮೂರು ನಾಲ್ಕು ಚಿತ್ರ ಸಿಕ್ಕವು. ಈಗ ಅವನ್ನು ಒಂದು ಮಾಡಬೇಕು.

ಧಾರವಾಡದ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯಿದೆ. ಸೂಜಿ ಮೊದಲು ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಸಾಗುತ್ತದೆ, ಬಟ್ಟೆಯ ಮೇಲೆ ತುಂಡುಗೆರೆ ಮಾತ್ರ ಕಾಣುತ್ತದೆ. ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಬರುತ್ತದೆ. ಆಗಷ್ಟೇ ಗೋಪುರ ಗೋಪುರವಾಗಿ, ತೇರು ತೇರಾಗಿ ಕಾಣುವುದು. ಅಡ್ಡ ಅಲೆಯ ಚಿತ್ರವೂ ನೆಟ್ಟ ಅಲೆಯ ಚಿತ್ರವೂ ಹೀಗೆಯೇ ಒಂದರ ಬಿಡುವನ್ನು ಇನ್ನೊಂದು ತುಂಬುತ್ತವೆ. ಆಯತಾಕಾರದ ವಸ್ತುವಿನ ಅಡ್ಡ ಅಂಚುಗಳು ಒಂದರಲ್ಲಿ, ನೆಟ್ಟ ಅಂಚುಗಳು ಇನ್ನೊಂದರಲ್ಲಿ. ಕೂಡಿಸಿದರೆ ಚೌಕ ಪೂರ್ಣ.

ಆದರೆ ಕೂಡಿಸುವುದು ಹೇಗೆ? ಎರಡನ್ನೂ ಸೇರಿಸಿ ಎರಡರಿಂದ ಭಾಗಿಸುವುದು ಸುಲಭದ ದಾರಿ. ರವೆಕಾಳಿನಂಥ ಗದ್ದಲ ಇದರಿಂದ ನಿಜವಾಗಿಯೂ ತಗ್ಗುತ್ತದೆ, ಏಕೆಂದರೆ ಎರಡು ಚಿತ್ರಗಳಲ್ಲಿ ಆ ಕಾಳುಗಳು ಒಂದೇ ಜಾಗದಲ್ಲಿ ಬಿದ್ದಿರುವುದಿಲ್ಲ. ಆದರೆ ಒಂದರಲ್ಲಿ ಮಾತ್ರ ಇದ್ದ ಚುರುಕಾದ ಅಂಚೂ ಅರ್ಧಕ್ಕೆ ಇಳಿಯುತ್ತದೆ. ಬದಲಿಗೆ 1983ರಲ್ಲಿ ಪೀಟರ್ ಬರ್ಟ್ ಮತ್ತು ಎಡ್ವರ್ಡ್ ಆಡೆಲ್ಸನ್ ತೋರಿಸಿದ ಪಿರಮಿಡ್ ವಿಧಾನವೋ, ಅದರ ನಂತರ ಬಂದ ವೇವ್‌ಲೆಟ್ ವಿಧಾನವೋ ಉಪಯೋಗಕ್ಕೆ ಬರುತ್ತದೆ. ಜರಡಿಗಳ ಸಾಲಿನಲ್ಲಿ ಜೋಳ, ನುಚ್ಚು, ಹಿಟ್ಟು ಬೇರೆಯಾಗುವಂತೆ ಚಿತ್ರವನ್ನು ಒರಟು ರೂಪ, ನಡುವಿನ ವಿವರ, ಸಣ್ಣ ಅಂಚು ಎಂದು ಪದರ ಮಾಡುವುದು. ಒರಟು ಪದರದಲ್ಲಿ ಸರಾಸರಿ ತೆಗೆದುಕೊಳ್ಳುವುದು, ಅಂಚಿನ ಪದರದಲ್ಲಿ ಯಾವ ಚಿತ್ರ ಗಟ್ಟಿಯಾಗಿ ಹೇಳುತ್ತದೋ ಅದರ ಮಾತು ಉಳಿಸುವುದು, ಮತ್ತೆ ಎಲ್ಲ ಕೂಡಿಸುವುದು.

ನನಗೆ ಅತ್ಯಂತ ಹಿಡಿಸಿದ್ದು ಇದೂ ಅಲ್ಲ. ಕಸೂತಿಯ ಹೋಲಿಕೆ ಸೋಲುವುದೂ ಇಲ್ಲೇ, ಏಕೆಂದರೆ ಹೊಲಿಗೆಗಳು ಜಗಳವಾಡುವುದಿಲ್ಲ. ಚಿತ್ರಗಳು ಜಗಳವಾಡುತ್ತವೆ, ಆ ಜಗಳದಲ್ಲೇ ಸುದ್ದಿ ಇದೆ. ಅಡ್ಡದಲ್ಲಿ ಹೊಳೆದು ನೆಟ್ಟದಲ್ಲಿ ಕಾಣದ ಬಿಂದು, ಎರಡರಲ್ಲೂ ಸಮನಾಗಿ ಹೊಳೆದ ಬಿಂದು, ಎರಡರಲ್ಲೂ ಮಂಕಾಗಿ ಸುತ್ತಿನ ಚಿತ್ರದಲ್ಲಿ ಮಾತ್ರ ಎದ್ದ ಬಿಂದು, ಇವು ಮೂರು ಬೇರೆ ಬೇರೆ ವಸ್ತುಗಳ ಸಾಕ್ಷಿ. ನಯಗೊಳಿಸಿ ಒಂದೇ ಬೂದು ಚಿತ್ರ ಮಾಡಿದರೆ ಸಾಕ್ಷಿಗಳ ಬಾಯಿ ಮುಚ್ಚಿಸಿದಂತೆ. ಅದಕ್ಕೇ ಉಪಗ್ರಹ ರೇಡಾರಿನವರು ಒಂದು ಬಡಿತಕ್ಕೆ ಒಂದು ಬಣ್ಣ, ಎರಡು ಬಡಿತಕ್ಕೆ ಇನ್ನೊಂದು, ಹೊರಳಿ ಬಂದದ್ದಕ್ಕೆ ಮತ್ತೊಂದು ಕೊಟ್ಟು ಬಣ್ಣದ ಚಿತ್ರ ಮಾಡುತ್ತಾರೆ. ಯಾರು ಏನಂದರು ಎಂಬುದು ಉಳಿಯುತ್ತದೆ. ಚಿತ್ರ ನೋಡಿ ನೋಡಿ ಕಲಿಯುವ ಇಂದಿನ ನರಜಾಲ ತಂತ್ರಾಂಶಗಳಿಗೂ ಒಂದಾಗಿಸಿದ ಚಿತ್ರದ ಬದಲು ಎಲ್ಲ ಪದರಗಳನ್ನೂ ಹಾಗೇ ಉಣಿಸಬಹುದು.

ಇನ್ನೊಂದು ಸಣ್ಣ, ಆದರೆ ಕೆಲಸ ಕೆಡಿಸುವ ತೊಡಕು. ನಾಲ್ಕು ಮಿಲಿಮೀಟರ್ ಅಲೆಯಲ್ಲಿ ಮೈ ಒಂದೇ ಒಂದು ಮಿಲಿಮೀಟರ್ ಅಲುಗಿದರೆ ಹೋಗಿಬರುವ ದಾರಿ ಎರಡು ಮಿಲಿಮೀಟರ್ ಬದಲಾಗುತ್ತದೆ, ಅಂದರೆ ಅರ್ಧ ಅಲೆ. ಉಬ್ಬು ತಗ್ಗಾಗುತ್ತದೆ. ಉಸಿರಾಡಿದರೆ ಎದೆ ಅದಕ್ಕಿಂತ ಹೆಚ್ಚು ಏಳುತ್ತದೆ. ಅಡ್ಡ ಚಿತ್ರ ತೆಗೆದು, "ಹಂಗೇ ನಿಲ್ರೀ" ಎಂದು ಹೇಳಿ ನೆಟ್ಟ ಚಿತ್ರ ತೆಗೆಯಲಾಗುವುದಿಲ್ಲ. ಎರಡನ್ನೂ ಕಣ್ಣೆವೆಯೊಳಗೆ, ಒಂದರ ಬೆನ್ನಿಗೊಂದು ತೆಗೆಯಬೇಕು. ಆಂಟೆನಾಗಳು ಹೆಚ್ಚಬೇಕು, ಬೆಲೆ ಏರುತ್ತದೆ.

ಈಗ ಅಜ್ಜಿಯ ಸೀರೆಗೆ ಮರಳೋಣ. ಇಳಕಲ್ ಸೀರೆಯ ಮೈ ಹೆಚ್ಚಾಗಿ ಹತ್ತಿ, ಸೆರಗು ದಡಿ ರೇಷ್ಮೆ ಇಲ್ಲವೇ ಕೃತಕ ರೇಷ್ಮೆ. ಜರಿ ಅಪರೂಪ. ಒಂದು ಪದರವಾದರೆ ಅಲೆಗೆ ಅದು ಇದ್ದೂ ಇಲ್ಲದಂತೆ. ಆದರೆ ಕಚ್ಚೆಯ ಜಾಗದಲ್ಲಿ, ನಿರಿಗೆ ಸಿಕ್ಕಿಸಿದ ಹೊಕ್ಕುಳ ಬಳಿ ಹತ್ತು ಹನ್ನೆರಡು ಪದರ ಒತ್ತಾಗಿ ಕೂತಿರುತ್ತವೆ. ಅವುಗಳ ನಡುವೆ ಗಾಳಿ, ಒಂದಿಷ್ಟು ಬೆವರು. ಪ್ರತಿ ಪದರವೂ ಚೂರು ಚೂರು ಮರಳಿಸಿ, ಎಲ್ಲ ಸೇರಿ ಬಿಲ್ಲೆಯೊಂದು ಇದ್ದಂತೆ ನಟಿಸುತ್ತವೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತೊಯ್ದು ಬಂದವರ ಅಂಗಿಯಂತೂ ಚರ್ಮಕ್ಕಿಂತ ಬೇರೆಯಲ್ಲ, ನೀರೇ ಅಲೆಯನ್ನು ತಡೆಯುತ್ತದೆ. ಇನ್ನು ಮದುವೆಗೆ ಹೊರಟವರ ಧರ್ಮಾವರಂ, ಕಂಚಿ ಸೀರೆಗಳ ಅಸಲಿ ಜರಿ ನೋಡಿ. ದಾರಕ್ಕೆ ಲೋಹದ ಪಟ್ಟಿ ಸುತ್ತಿದ ಎಳೆಗಳು ಒಂದರ ಪಕ್ಕ ಒಂದು, ಮಿಲಿಮೀಟರಿಗಿಂತ ಒತ್ತಾಗಿ, ಒಂದೇ ದಿಕ್ಕಿಗೆ. ಬೋಸರು ತವರದ ತಗಡು ಸೇರಿಸಿ ಮಾಡಿದ ಜರಡಿ ಇದೇ ತಾನೆ? ಎಳೆಯ ಗುಂಟದ ಅಲೆಯಲ್ಲಿ ಆ ದಡಿ ತಗಡಿನಂತೆ ಹೊಳೆಯುತ್ತದೆ, ಎಳೆಗೆ ಅಡ್ಡದ ಅಲೆಗೆ ದಾರಿ ಬಿಟ್ಟು ಹಿಂದಿನ ಮೈಯನ್ನು ತೋರಿಸುತ್ತದೆ. ಒಂದೇ ಧ್ರುವೀಕರಣದ ಯಂತ್ರ ದಡಿಯನ್ನು ಕಂಡು ಕೂಗಬಹುದು. ಎರಡನ್ನೂ ನೋಡುವ ಯಂತ್ರ, ಎರಡು ಚಿತ್ರ ಈ ಉದ್ದ ಪಟ್ಟಿಯ ಮೇಲೆ ಇಷ್ಟು ಕಚ್ಚಾಡುತ್ತಿವೆ ಎಂದರೆ ಇದು ಜರಿ ಇರಬೇಕು ಎಂದು ಕಲಿಯಬಹುದು. ನಮ್ಮ ಕಡೆಯ ರುಮಾಲು, ಧೋತರದ ಕಚ್ಚೆ, ಹೆಣೆದ ಜಡೆ ಎಲ್ಲಕ್ಕೂ ಹೀಗೆ ತಮ್ಮದೇ ಸಹಿ ಇರುತ್ತದೆ. ಅಮೆರಿಕದಲ್ಲಿ ಕಪ್ಪು ಮಹಿಳೆಯರ ದಟ್ಟ ಕೂದಲಿಗೂ ಸಿಖ್ಖರ ಪೇಟಕ್ಕೂ ಯಂತ್ರ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟ ದೂರುಗಳಿವೆ.

ಕಲಿಯಬಹುದು ಎಂದೆ. ಕಲಿಸುವವರು ಯಾರು? ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ 2017ರಲ್ಲಿ 15 ಲಕ್ಷ ಡಾಲರ್ ಬಹುಮಾನದ ಬಹಿರಂಗ ಸ್ಪರ್ಧೆ ಇಟ್ಟಿತು. ಸ್ವಯಂಸೇವಕರ ಚಿತ್ರಗಳನ್ನು ಕೊಟ್ಟು, ಮೈಯನ್ನು 17 ವಲಯ ಮಾಡಿ, ಯಾವ ವಲಯದಲ್ಲಿ ವಸ್ತುವಿದೆ ಹೇಳಿ ಎಂದಿತು. ಲೋಕದ ತುಂಬ ಜನ ಕೂತು ಪರಿಹಾರ ಬರೆದರು. ನರಜಾಲ ಕಲಿಯುವುದು ತನಗೆ ತೋರಿಸಿದ ಉಡುಗೆಯನ್ನೇ. ಒಂಬತ್ತು ಗಜದ ಸೀರೆಯನ್ನು ತೋರಿಸದೆ, ಅದನ್ನು ಕಂಡಾಗ ಕೂಗಬೇಡ ಎಂದರೆ ಹೇಗೆ ಕೇಳೀತು?

ಚಿತ್ರವೆಂದ ಕೂಡಲೇ ಮಾನದ ಪ್ರಶ್ನೆ ಏಳುತ್ತದೆ, ಏಳಬೇಕಾದದ್ದೇ. ಮೊದಲ ಯಂತ್ರಗಳು ಬಟ್ಟೆಯಿಲ್ಲದ ಆಕೃತಿಯನ್ನೇ ಕಾವಲುಗಾರರ ಪರದೆಗೆ ಹಾಕುತ್ತಿದ್ದವು. ಗಲಾಟೆಯಾಯಿತು. ಮೈಯ ಬದಲು ಗೊಂಬೆಯನ್ನು ತೋರಿಸುವ ತಂತ್ರಾಂಶಕ್ಕೆ ಬದಲಾಗದ ಎಕ್ಸ್‌ರೇ ಮಾದರಿಯ ಯಂತ್ರಗಳನ್ನು ಅಮೆರಿಕ 2013ರಲ್ಲಿ ನಿಲ್ದಾಣಗಳಿಂದ ಕಿತ್ತುಹಾಕಿತು. ನಮ್ಮ ಬ್ಯೂರೊ 2019ರಲ್ಲೇ, ತೆರೆಯ ಮೇಲೆ ಎಲ್ಲರಿಗೂ ಒಂದೇ ಗೊಂಬೆ ಕಾಣಬೇಕು, ಚಿತ್ರ ಉಳಿಸಿಡಬಾರದು ಎಂದು ನಿಯಮ ಮಾಡಿದೆ. ಬಹುಧ್ರುವೀಕರಣದ ಚಿತ್ರ ಮೈಯನ್ನು ಕಪ್ಪಾಗಿಸಿ ವಸ್ತುವನ್ನಷ್ಟೇ ಉಳಿಸುವುದರಿಂದ ಈ ದಿಕ್ಕಿನಲ್ಲಿ ಅದು ಒಂದು ಹೆಜ್ಜೆ ಸಭ್ಯ ಎನ್ನಬಹುದು. ಪರದೆಯ ಹಿಂದೆ ಕೈಯಿಂದ ತಡವುವುದಕ್ಕಿಂತ ಇದು ಹೆಚ್ಚು ಮಾನದ್ದೋ ಕಡಿಮೆ ಮಾನದ್ದೋ? ಅಜ್ಜಿಯರನ್ನೇ ಕೇಳಬೇಕು. ಸಮಿತಿಗಳಲ್ಲಿ ಅವರು ಇರುವುದಿಲ್ಲ.

ಇದೆಲ್ಲ ದೂರದ ದೇಶದ ದುಬಾರಿ ಪ್ರಯೋಗಾಲಯದ ಕೆಲಸ ಅಂದುಕೊಳ್ಳಬೇಕಿಲ್ಲ. ಕರ್ನಾಟಕದಲ್ಲಿ ಈ ಅಲೆಗಳಿಗೆ ಹಳೆಯ ನೆಂಟಸ್ತಿಕೆ ಇದೆ. 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಮಿಶಿಗನ್‌ನಲ್ಲಿ 1953ರಲ್ಲಿ ಡಾಕ್ಟರೇಟ್ ಪಡೆದು ಮರಳಿದ ರಾಜೇಶ್ವರಿ ಚಟರ್ಜಿ, ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಮೈಕ್ರೊವೇವ್ ಪ್ರಯೋಗಾಲಯ ಕಟ್ಟಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. ಕನ್ನಡ ನೆಲದ ಈ ಹೆಣ್ಣುಮಗಳು ಆಂಟೆನಾಗಳ ಬಗ್ಗೆ ಬರೆದ ಪುಸ್ತಕಗಳನ್ನು ಓದಿ ಎಷ್ಟೋ ಎಂಜಿನಿಯರುಗಳು ಬೆಳೆದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಅಂಗಳದಲ್ಲಿ 10.4 ಮೀಟರ್ ಅಗಲದ ಮಿಲಿಮೀಟರ್ ತರಂಗ ದೂರದರ್ಶಕ ನಿಂತದ್ದು ಈ ಅಲೆಗಳಲ್ಲಿ ನಕ್ಷತ್ರಗಳ ನಡುವಿನ ಅನಿಲವನ್ನು ನೋಡಲು.

ಧಾರವಾಡದ ಸುತ್ತ ಈಗ ಬುದ್ಧಿವಂತ ಹುಡುಗರಿಗೆ ಬರವಿಲ್ಲ. 2016ರಲ್ಲಿ ಶುರುವಾಗಿ ಈಗ ಚಿಕ್ಕಮಲ್ಲಿಗವಾಡದಲ್ಲಿ ಬೇರುಬಿಟ್ಟ ಐಐಟಿ, ತಡಸಿನಕೊಪ್ಪದ ಐಐಐಟಿ, ವಿದ್ಯಾನಗರದಲ್ಲಿ 1947ರ ಬಿವಿಬಿ ಕಾಲೇಜಿನಿಂದ ಬೆಳೆದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣ. ಇನ್ನು ಉಪಕರಣ. ಹೊಸ ಕಾರುಗಳ ಮುಂದಿನ ರೇಡಾರ್ ಚಿಪ್ಪುಗಳು ಕೆಲಸ ಮಾಡುವುದು 76ರಿಂದ 81 ಗಿಗಾಹರ್ಟ್ಸ್‌ನಲ್ಲಿ, ಅಂದರೆ ತಪಾಸಣಾ ಯಂತ್ರದ ನೆರೆಯಲ್ಲೇ. ಅಂಗೈ ಅಗಲದ ಆ ಫಲಕ ಕಾಲೇಜಿನ ಕೈಗೆಟಕುವ ಬೆಲೆಗೆ ಸಿಗುತ್ತದೆ. ಅದನ್ನು ಎಡಬಲ, ಮೇಲೆಕೆಳಗೆ ಸರಿಯುವ ಹಳಿಗೆ ಕಟ್ಟಿ, ಸಾಲುಸಾಲಾಗಿ ಮರುದನಿ ಬರೆದುಕೊಂಡು ಲೆಕ್ಕ ಹಾಕಿದರೆ ಚಿತ್ರ ಬರುತ್ತದೆ. ಫಲಕವನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಬರೆದುಕೊಂಡರೆ ಎರಡನೇ ಧ್ರುವೀಕರಣ. ನಿಧಾನದ ಕೆಲಸ, ಉಸಿರಾಡುವ ಮನುಷ್ಯನ ಮೇಲೆ ಆಗದು, ಬೊಂಬೆಯ ಮೇಲೆ ಆಗುತ್ತದೆ.

ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿ ಸೀರೆ ಉಟ್ಟು ನಿಂತ ಬೊಂಬೆಗಳಿಗೇನು ಕೊರತೆ? ಬರಿಯ ಪ್ಲಾಸ್ಟಿಕ್ ಮೈ ಅಲೆಗೆ ಟೊಳ್ಳಾಗಿ ಕಾಣುತ್ತದೆ, ಅದಕ್ಕೆ ಬುತ್ತಿ ಕಟ್ಟುವ ಬೆಳ್ಳಿಹಾಳೆ ಸುತ್ತಬೇಕು. ಸೊಂಟಕ್ಕೊಂದು ಸಾಬೂನು, ಬೆನ್ನಿಗೊಂದು ಮರದ ಪಟ್ಟಿ, ಸೆರಗಿನ ಅಡಿ ಒಂದು ಕತ್ತರಿ. ಒಂದು ಸಲ ಒಣ ಸೀರೆ, ಒಂದು ಸಲ ತೊಯ್ದದ್ದು. ಒಂದು ಸಲ ಇಳಕಲ್, ಒಂದು ಸಲ ಜರಿಯದ್ದು. ನೂರು ಬಗೆ ಉಡಿಸಿ, ನೂರು ಬಗೆ ಬರೆದುಕೊಂಡು, ಯಂತ್ರಕ್ಕೆ ಕಲಿಸುತ್ತ ಹೋಗಬಹುದು. ಆದರೆ ಕಚ್ಚೆ ಹಾಕಿ ಒಂಬತ್ತು ಗಜ ಉಡಿಸುವುದು ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಬರುವುದಿಲ್ಲ. ಅದಕ್ಕೆ ಮಣಕಾಲಿನಲ್ಲಿ ಲೋಹವಿರುವ ಒಬ್ಬ ಅಜ್ಜಿಯನ್ನು ಪ್ರಯೋಗಾಲಯಕ್ಕೆ ಕರೆತಂದು, ಕುರ್ಚಿ ಹಾಕಿ ಕೂರಿಸಿ, ಚಹಾ ಕೊಡಬೇಕಾಗುತ್ತದೆ.